ಕುಂದು ಹೇಳಿ ಕೊಟ್ಟದ್ದು

ನಾಲ್ಕು–ಒಂದು. ಐವರು ಜಡ್ಜ್‌ಗಳಲ್ಲಿ ನಾಲ್ವರು ಎದುರಾಳಿ ಹುಡುಗಿಗೆ ಕೊಟ್ಟರು, ಒಬ್ಬರೇ ಒಬ್ಬರು ನನಗೆ. ರೆಫ್ರಿ ಅವಳ ಕೈ ಎತ್ತಿದರು, ನನ್ನದಾಗಬೇಕಿದ್ದ ರಾಜ್ಯ ಚಾಂಪಿಯನ್ ಪಟ್ಟ ದಾವಣಗೆರೆಯಲ್ಲೇ ಉಳಿಯಿತು. ಮೂರು ರೌಂಡಿನಲ್ಲಿ ನಾನು ಹೊಡೆದ ಪಂಚ್ ಒಂದೂ ಗುರಿ ತಪ್ಪಿರಲಿಲ್ಲ. ಆದರೆ ಹೊಡೆದದ್ದೇ ಹನ್ನೊಂದು! ಅವಳು ಬಂದು ತಟ್ಟಿ ಹೋಗುತ್ತಿದ್ದಳು, ಮತ್ತೆ ಬಂದು ತಟ್ಟಿ ಹೋಗುತ್ತಿದ್ದಳು, ನಾನು ಕಾಲು ಅಗಲಿಸಿ ನಿಂತು ಕಾಯುತ್ತಿದ್ದೆ. ಮೂಲೆಯಿಂದ ಜಟ್ಟ ಮಾವ ಕೂಗುತ್ತಲೇ ಇದ್ದ: "ತಡಿ ಮಗಾ, ತಡಿ! ಬತ್ತದೆ, ಬತ್ತದೆ!"

ಬರುವುದು ಏನು? ಅಲೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಜಟ್ಟ ಮಾವ ನನ್ನ ಅಮ್ಮನ ಅಣ್ಣ. ಪ್ರಾಯದಲ್ಲಿ ಏಳು ವರ್ಷ ಮುಂಬೈ ಬಂದರಿನಲ್ಲಿ ದುಡಿದ, ಅಲ್ಲಿಯ ಕೆಲಸಗಾರರ ಜೊತೆ ಬಾಕ್ಸಿಂಗ್ ಕಲಿತ, ಊರಿಗೆ ಬಂದು ಹೊನ್ನಾವರದ ಮೀನಿನ ಬೋಟೊಂದಕ್ಕೆ ತಾಂಡೇಲನಾದ. ಬಲೆ ಎಲ್ಲಿ ಬಿಡಬೇಕು, ಯಾವಾಗ ಎಳೆಯಬೇಕು, ಬೋಟಿನ ಮೇಲೆ ತಾಂಡೇಲನ ಮಾತೇ ಮಾತು. ನನಗೆ ಹನ್ನೊಂದು ವರ್ಷವಿದ್ದಾಗ ಶಾಲೆಯಲ್ಲಿ ಒಬ್ಬನ ಮೂಗು ಒಡೆದು ಮನೆಗೆ ಬಂದೆ. ಅಮ್ಮ ಬಾರಿಸಲು ಹಿಡಿಸೂಡಿ ಎತ್ತಿಕೊಂಡಳು. ಮಾವ ಮಾತ್ರ "ಯಾವ ಕೈಯಲ್ಲಿ ಹೊಡದ್ಯೆ? ತೋರ್ಸು ಕಾಂಬ" ಅಂದ. ಅವತ್ತಿನಿಂದ ಅವನೇ ನನ್ನ ಟ್ರೇನರ್.

ನಮ್ಮ ಶಿರಾಲಿಯಲ್ಲಿ ರಿಂಗ್ ಎಲ್ಲಿಂದ ಬರಬೇಕು? ಮಳೆಗಾಲದಲ್ಲಿ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ, ಹೊನ್ನಾವರದಲ್ಲಿ ಶರಾವತಿಯ ಅಳಿವೆಯೊಳಗೆ ಕಟ್ಟಿಹಾಕಿರುತ್ತಾರೆ. ಮಾವ ಆ ಬೋಟಿನ ಮೇಲೆಯೇ ನನಗೆ ಕಲಿಸಿದ. ನೀರು ಬೋಟನ್ನು ಎತ್ತುವ ತನಕ ಕಾಯಬೇಕು, ಎತ್ತಿದ್ದು ಇಳಿಯುವಾಗ ಆ ಇಳಿತದ ಭಾರವನ್ನೆಲ್ಲ ಮುಷ್ಟಿಗೆ ಹಾಕಿ ಹೊಡೆಯಬೇಕು. ಕಾಲು ಎತ್ತಿ ಕುಣಿದರೆ ಸೀದಾ ಹೊಳೆಗೆ. ಹಾಗೆ ನಿಂತೇ ನಾನು ಜಿಲ್ಲೆ ಗೆದ್ದೆ, ವಿಭಾಗ ಗೆದ್ದೆ. ಅಲ್ಲಿಯ ಹುಡುಗಿಯರು ಮೇಲೆ ನುಗ್ಗಿ ಬರುತ್ತಿದ್ದರು, ಒಂದೇ ಏಟಿಗೆ ಕೂರುತ್ತಿದ್ದರು. ಫೈನಲಿನವಳು ನುಗ್ಗಲಿಲ್ಲ. ರಿಂಗಿನ ಹಲಗೆ ಅಲುಗುವುದಿಲ್ಲ, ಅಲ್ಲಿ ಕಾಯಲಿಕ್ಕೆ ಏನೂ ಇಲ್ಲ ಅನ್ನುವುದು ಅಷ್ಟು ವರ್ಷ ನಮ್ಮಿಬ್ಬರಲ್ಲಿ ಒಬ್ಬರ ತಲೆಗೂ ಹೊಳೆದಿರಲಿಲ್ಲ ನೋಡಿ!

ಸೋತು ಬಂದು ಕೈಯ ಪಟ್ಟಿ ಬಿಚ್ಚುತ್ತ ಕೂತಿದ್ದಾಗ ಕೂದಲು ಗಿಡ್ಡ ಕತ್ತರಿಸಿಕೊಂಡ ಒಬ್ಬರು ಹತ್ತಿರ ಬಂದರು. ಮಾವ ನೀರು ತರಲು ಹೋಗಿದ್ದ.

"ನಾನು ಅರ್ಚಿತಾ ಹೆಗಡೆ, ಕುಮಟಾದವಳು. ಅಲ್ಲಿ ಹುಡುಗಿಯರಿಗೆ ಬಾಕ್ಸಿಂಗ್ ಹೇಳಿಕೊಡ್ತೆ. ಒಂದು ಕೇಳ್ಲಾ? ನೀನು ಎಂತಕ್ಕೆ ಕಾಯ್ತಾ ಇದ್ದಿದ್ದೆ?"

"ಅಲೆಗೆ" ಅಂದೆ. ಬಾಯಿತಪ್ಪಿ ಬಂದುಹೋಯಿತು.

ಅವರು ನಗಲಿಲ್ಲ. ಬಗ್ಗಿ ನನ್ನ ಕಾಲು ನೋಡಿದರು. "ಏಟು ಚೊಲೋ ಇದ್ದು. ಕಾಲು ಇಲ್ಲೆ" ಅಂದರು. ಅವರ ಮನೆಮಾತು ಹಾಗೆ, ಇದೆ ಅನ್ನಲಿಕ್ಕೆ ಇದ್ದು, ಇಲ್ಲ ಅನ್ನಲಿಕ್ಕೆ ಇಲ್ಲೆ. "ಆರು ತಿಂಗಳು ನನಗೆ ಕೊಡು, ದೀಕ್ಷಾ."

ಮಾವನಿಗೆ ಅಲ್ಲೇ ಹೇಳಬೇಕಿತ್ತು. ಹೇಳಲಿಲ್ಲ. ವಾಪಸು ಬರುವಾಗ ಬಸ್ಸು ಘಟ್ಟ ಇಳಿಯುವಷ್ಟು ಹೊತ್ತೂ ನನ್ನ ತಲೆಗೆ ಹೆಗಲು ಕೊಟ್ಟು ಅಲುಗದೆ ಕೂತವನ ಹತ್ತಿರ, ನಿನ್ನನ್ನು ಬಿಡುತ್ತೇನೆ ಅಂತ ಯಾವ ಬಾಯಲ್ಲಿ ಹೇಳುವುದು?

ಮನೆಯಲ್ಲಿ ಟೈಪಿಂಗ್ ಕ್ಲಾಸ್ ಅಂದೆ. ದಿನಾ ಬೆಳಿಗ್ಗೆ ಶಿರಾಲಿಯಲ್ಲಿ ಕುಮಟಾ ಬಸ್ಸು ಹತ್ತಿದೆ. ಆ ಬಸ್ಸು ಹೊನ್ನಾವರದ ಸೇತುವೆ ದಾಟಬೇಕು, ಅಲ್ಲಿಂದ ನೋಡಿದರೆ ಮಾವನ ಬೋಟು! ಸೇತುವೆ ಬರುತ್ತಲೂ ಚಪ್ಪಲಿ ಹುಡುಕುವವಳ ಹಾಗೆ ಸೀಟಿನ ಕೆಳಗೆ ಬಗ್ಗುತ್ತಿದ್ದೆ. ನಾಲ್ಕನೆಯ ದಿನ ಕಂಡಕ್ಟರ್ ಕೇಳಿಯೇಬಿಟ್ಟರು: "ಎಂತ ತಂಗಿ, ದಿನಾ ಈ ಸೇತುವೆ ಮೇಲೇ ಕಳೀತದಾ ನಿನ್ನ ಚಪ್ಪಲಿ?"

ಕುಮಟಾದಲ್ಲಿ ಮೇಡಂ ಕಲಿಸುವುದು ಒಂದು ಹಳೆಯ ಹಂಚಿನ ಗೋದಾಮಿನಲ್ಲಿ. ನೆಲದ ತುಂಬ ಸುಣ್ಣದ ಚೌಕಗಳು. ಮೂರು ಉಸಿರಿಗಿಂತ ಹೆಚ್ಚು ಒಂದೇ ಚೌಕದಲ್ಲಿ ನಿಂತರೆ ಹತ್ತು ಬಸ್ಕಿ. ಮೊದಲ ದಿನ ನಾನು ಹೊಡೆದ ಬಸ್ಕಿಗೆ ಸಂಜೆ ನಮ್ಮ ಮನೆಯ ಮೆಟ್ಟಿಲು ಹತ್ತಲು ಆಗಲಿಲ್ಲ. ಮೂರನೆಯ ವಾರಕ್ಕೆ ಕಾಲು ತಾನಾಗಿಯೇ ಸರಿಯತೊಡಗಿತು. ಎಷ್ಟು ಖುಷಿಯಾಯಿತೆಂದರೆ, ಆ ಖುಷಿಯನ್ನು ಮೊದಲು ಹೇಳಬೇಕು ಅನಿಸಿದ್ದು ಜಟ್ಟ ಮಾವನಿಗೇ. ಅವನಿಗೊಬ್ಬನಿಗೇ ಹೇಳುವಂತಿರಲಿಲ್ಲ.

ಆ ವಾರ ಮಾವ ನಮ್ಮ ಮನೆಗೆ ಬಂದ. ಹಿತ್ತಲಲ್ಲಿ ಎರಡೂ ಅಂಗೈಗೆ ಪ್ಯಾಡ್ ಕಟ್ಟಿಕೊಂಡು ನಿಂತ. "ಹೊಡಿ" ಅಂದ. ನಾನು ಹಳೆಯ ರೀತಿಯಲ್ಲೇ ಕಾಲು ಅಗಲಿಸಿ ನಿಂತೆ, ಬಹಳ ಎಚ್ಚರದಿಂದ ಹೊಡೆದೆ. ಒಂದು ನಿಮಿಷ ಆಯಿತು, ಎರಡಾಯಿತು. ಮಾವ ಸುಮ್ಮನೆ ಪ್ಯಾಡ್ ಬೀಸಿ ನನ್ನ ಕಿವಿಯ ಕಡೆ ತಂದ. ನನ್ನ ಕಾಲು ಅರ್ಧ ಹೆಜ್ಜೆ ಹಿಂದೆ ಜಾರಿತು, ಪ್ಯಾಡ್ ಗಾಳಿಯಲ್ಲಿ ಹೋಯಿತು, ನನ್ನ ಎಡಗೈ ಅವನ ಎದೆ ತಟ್ಟಿ ವಾಪಸು ಬಂತು.

ಮಾವ ಕೈ ಇಳಿಸಿದ.

"ಯಾರ ಬೋಟು ಹತ್ತಿದ್ಯೆ?"

ಬಾವಿಕಟ್ಟೆಯ ಹತ್ತಿರ ಮೀನು ಕೊಯ್ಯುತ್ತಿದ್ದ ಅಮ್ಮ ತಲೆ ಎತ್ತಿದಳು. ಎಲ್ಲ ಹೇಳಿದೆ. ದಾವಣಗೆರೆ, ಅರ್ಚಿತಾ ಮೇಡಂ, ಬಸ್ಸು, ಸೇತುವೆ.

"ಅಯ್ಯೋ ಕಳ್ಳಿ! ಟೈಪಿಂಗ್ ಅಂದ್ಯಲ್ಲೆ! ಕಾಲಲ್ಲಿ ಟೈಪ್ ಮಾಡ್ತ್ಯ?" ಅಂದಳು ಅಮ್ಮ.

"ಸುಮ್ನಿರೇ ಕಮಲಿ" ಅಂದ ಮಾವ. ಪ್ಯಾಡಿನ ಪಟ್ಟಿ ಬಿಚ್ಚುತ್ತ ನನ್ನ ಮುಖ ನೋಡದೆ ಹೇಳಿದ: "ಹೋದದ್ದಕ್ಕೆ ಬೇಜಾರಿಲ್ಲ. ಕೇಳ್ದೆ ಹೋದ್ಯಲ್ಲ ಮಗಾ. ನನ್ನ ಕಲಾಸಿಗಳು ಹೀಂಗೆ ಮಾಡಿದ್ರೆ ಆ ಬಂದರಲ್ಲಿ ನಾ ಮುಖ ಎತ್ತಿ ತಿರುಗೂಕಾತದಾ?"

ಬೋಟಿನಲ್ಲಿ ದುಡಿಯುವವರು ಕಲಾಸಿಗಳು. ಮಾವನ ಕಡೆಯ ಬೋಟುಗಳಲ್ಲಿ ಒಬ್ಬ ಕಲಾಸಿ ಬೇರೆ ಬೋಟಿಗೆ ಹೋಗುವುದಿದ್ದರೆ ಅವನು ತಾನೇ ಹೇಳಿ ಹೋಗುವುದಿಲ್ಲ. ಹೊಸ ಬೋಟಿನ ತಾಂಡೇಲ ಎಲೆಅಡಿಕೆ ಹಿಡಿದು ಹಳೆಯ ತಾಂಡೇಲನ ಹತ್ತಿರ ಬರಬೇಕು, ಕೇಳಬೇಕು. ಹಳೆಯವನು ಎದುರಿಗೆ ಕೂರಿಸಿ ಆ ಕಲಾಸಿಯ ಕುಂದುಗಳನ್ನು ಒಂದೂ ಬಿಡದೆ ಹೇಳುತ್ತಾನೆ, ನಾಳೆ ಹೊಸಬ ಬಂದು ಇವನು ಹೀಗೆ ಅಂತ ನನಗೆ ಹೇಳಲಿಲ್ಲವಲ್ಲ ಅನ್ನಬಾರದು. ಆಮೇಲೆ ಆ ಎಲೆಯನ್ನು ಬಾಯಿಗೆ ಹಾಕಿಕೊಂಡರೆ ಬಿಟ್ಟುಕೊಟ್ಟ ಹಾಗೆ. ಕೈಯಲ್ಲೇ ಇಟ್ಟುಕೊಂಡರೆ ಇಲ್ಲ.

"ಆ ಮೇಡಂ ಬಂದು ಕೇಳ್ಲಿ" ಅಂದ ಮಾವ.

"ನೀ ಎಲೆ ತಿನ್ನದಿದ್ರೆ?"

"ಅದು ಬಂದ್ಮೇಲೆ ಕಾಂಬ."

ಮಾವ ಎಲೆ ತಿನ್ನದಿದ್ದರೆ ಕುಮಟಾಕ್ಕೆ ಹೋಗುವುದಿಲ್ಲ ಎಂದು ನಾನು ಅಲ್ಲೇ ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಂಡೆ. ಮಾವನಿಗೆ ನೋವು ಮಾಡಿ ಗೆಲ್ಲುವ ಪಟ್ಟ ನನಗೆ ಬೇಡ. ಹಾಗಂತ ಪಟ್ಟವೇ ಬೇಡವೇ? ಬೇಕಿತ್ತು. ಬಹಳ ಬೇಕಿತ್ತು.

"ಇದೆಂತ, ಹೆಣ್ಣು ಕೇಳ್ಲೆ ಹೋದಂಗಾತಲೆ!" ಅಂದರು ಮೇಡಂ, ಫೋನಿನಲ್ಲಿ ಎಲೆಯ ವಿಷಯ ಹೇಳಿದಾಗ. ಆದರೆ ಮರುದಿನವೇ ಹೊನ್ನಾವರಕ್ಕೆ ಬಂದರು. ನಾನು ಮೊದಲೇ ಬಂದರಿನಲ್ಲಿ ನಿಂತಿದ್ದೆ. ಬೋಟು ಆಗಷ್ಟೇ ಬಂದು, ಬುಟ್ಟಿ ಬುಟ್ಟಿ ಬಂಗಡೆ ಮೀನು ಇಳಿಯುತ್ತಿತ್ತು. ಮೇಡಂ ಸ್ಕೂಟರ್ ನಿಲ್ಲಿಸಿ, ಒದ್ದೆ ಕಾಂಕ್ರೀಟಿನ ಮೇಲೆ ಜಾರದೆ ನಡೆದು, ತಮ್ಮ ಮನೆಯ ತೋಟದ ವೀಳ್ಯದೆಲೆಯ ದೊಡ್ಡ ಕಟ್ಟೊಂದನ್ನು ಮಾವನ ಮುಂದೆ ಹಿಡಿದರು.

"ದೀಕ್ಷಾನ ನನಗೆ ಕೊಡಿ. ಕೇಳ್ದೆ ಕರ್ಕಂಡಿದ್ದು ತಪ್ಪಾತು."

ಮಾವ ಮೀನಿನ ಪೆಟ್ಟಿಗೆಯೊಂದನ್ನು ಬೋರಲು ಹಾಕಿ, ಹೆಗಲ ಟವೆಲಿನಿಂದ ಒರೆಸಿ ಅವರನ್ನು ಕೂರಿಸಿದ. ಕಟ್ಟನ್ನು ಕೈಯಲ್ಲಿ ತೂಗಿ ನೋಡಿದ. "ಎರಡು ಎಲೆ ಸಾಕಾಗಿತ್ತು. ಇಷ್ಟು ತಂದ್ರೆ ನನ್ನ ಬೋಟನ್ನೂ ಕೊಂಡೋಗ್ತೀರಾ ಹ್ಯಾಂಗೆ?"

ಕಲಾಸಿಗಳೆಲ್ಲ ನಕ್ಕರು. ಮಾವ ನಗಲಿಲ್ಲ. ಎರಡು ಎಲೆ ತೆಗೆದುಕೊಂಡು ಕಡಲಿನ ಕಡೆ ನೋಡುತ್ತ ಶುರುಮಾಡಿದ.

"ಬೆಳಿಗ್ಗೆ ಹೊಟ್ಟೆಗೆ ಎಂತದೂ ಹಾಕೂದಿಲ್ಲ. ಕೇಳಿದ್ರೆ ತಿಂದೆ ಅಂತಾಳೆ. ನಂಬ್ಬೇಡಿ."

ಮೇಡಂ ಫೋನ್ ತೆಗೆದು ಬರೆದುಕೊಳ್ಳತೊಡಗಿದರು.

"ಮೂರನೇ ರೌಂಡಿಗೆ ಎಡಗೈ ಇಳೀತದೆ. ದಣಿವಿಗೆ ಅಂದ್ಕಬೇಡಿ. ಗೆದ್ದೆ ಅಂದ್ಕಂಡು ಇಳಿಸ್ತಾಳೆ."

"ರೌಂಡಿನ ಶುರುವಿಗೋ, ಕೊನೆಗೋ?"

"ಕೊನೆಗೆ. ಗೆಣ್ಣು ನೋವಾದ್ರೆ ಬಾಯಿ ಬಿಡೂದಿಲ್ಲ. ಗ್ಲೌಸ್ ತೆಗಿವಾಗ ಉಸಿರು ಹಿಡಿತಾಳೆ, ಅಲ್ಲಿ ತಿಳ್ಕಳ್ಳಿ. ಸೋತ್ರೆ ಅಳೂದಿಲ್ಲ. ಮೂರು ದಿನ ಎಲ್ಲರ ಸಂಗಡ ಹಲ್ಲು ಕಿಸೀತಾ ತಿರುಗ್ತಾಳೆ. ಆ ಮೂರು ದಿನ ಒಬ್ಬಳನ್ನೇ ಬಿಡ್ಬೇಡಿ."

ನನಗೆ ಮುಖ ಎಲ್ಲಿಡುವುದು ಗೊತ್ತಾಗಲಿಲ್ಲ. ದಾವಣಗೆರೆಯಿಂದ ಬಂದ ಮೇಲೆ ಮಾವ ಮೂರು ದಿನ ಬೋಟಿಗೆ ಹೋಗದೆ ನಮ್ಮ ಮನೆಯಲ್ಲೇ ಬಿದ್ದುಕೊಂಡಿದ್ದ. ಸೊಂಟನೋವು ಅಂದಿದ್ದ.

"ಮತ್ತೊಂದು ಇತ್ತು" ಅಂದ ಮಾವ. ಕೈಯಲ್ಲಿದ್ದ ಎಲೆಯನ್ನು ತಿರುವಿ ಹಾಕಿದ. "ಅದು ಇವಳದ್ದಲ್ಲ. ಫೈನಲಲ್ಲಿ ಇವಳ ಕಾಲು ಎರಡು ಸಲ ಎದ್ದಿತ್ತು. ಮುಂದೆ ಹೋಗೂಕೆ ಹೊರಟಿತ್ತು. ತಡಿ ಅಂದದ್ದು ನಾನು. ಅದೊಂದನ್ನ ಇವಳ ಮೇಲೆ ಹಾಕ್ಬೇಡಿ."

"ಮಾವಾ..."

"ನೀ ಸುಮ್ನಿರೆ. ದೊಡ್ಡವರು ಮಾತಾಡ್ತಿಲ್ವಾ?"

ಮೇಡಂ ಅದನ್ನು ಬರೆದುಕೊಳ್ಳಲಿಲ್ಲ. ಫೋನನ್ನು ಮಡಿಲಲ್ಲಿಟ್ಟು ಕೇಳಿದರು: "ಕುಂದೇ ಆತಲ. ಒಳ್ಳೇದು ಎಂತದೂ ಇಲ್ವಾ?"

"ಒಳ್ಳೇದು ಹೇಳೂ ರೂಢಿ ಇಲ್ಲ ನಮ್ಮಲ್ಲಿ. ಅದು ಹ್ಯಾಂಗೂ ನಿಮ್ಗೆ ಕಾಣ್ತದೆ."

ಆಮೇಲೆ ಮಾವ ಎಲೆಯನ್ನು ಟವೆಲಿಗೆ ಒರೆಸಿದ. ತೊಟ್ಟು ಮುರಿದ. ಸುಣ್ಣ ಹಚ್ಚಿದ, ಅಡಿಕೆ ಇಟ್ಟ, ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಅಷ್ಟು ನಿಧಾನಕ್ಕೆ ಕವಳ ಕಟ್ಟಿದವರನ್ನು ನಾನು ನೋಡಿಲ್ಲ. ತಿನ್ನು ಮಾವ ಅಂತ ಮನಸ್ಸಿನಲ್ಲೇ ಹೇಳಿಕೊಂಡೆ. ಮರುಕ್ಷಣಕ್ಕೆ ಬೇಡ, ತಿನ್ನಬೇಡ ಅಂತಲೂ ಹೇಳಿಕೊಂಡೆ. ಎರಡೂ ನಿಜವೇ ಆಗಿತ್ತು.

"ತಾಂಡೇಲ್ರೇ, ಐಸ್ ಬಂತು!" ಯಾರೋ ಬೋಟಿನಿಂದ ಕೂಗಿದರು.

ಮಾವ ಕವಳವನ್ನು ಬಾಯಿಗೆ ಹಾಕಿಕೊಂಡು ಎದ್ದ. ಬಾಯಿ ತುಂಬಿತ್ತು. ಮೇಡಂಗೆ ಕೈ ಮುಗಿದ, ನನ್ನ ನೆತ್ತಿಗೆ ಅಂಗೈಯಿಂದ ಒಂದು ತಟ್ಟಿದ, ಟವೆಲ್ ಕೊಡವಿಕೊಂಡು ಬೋಟಿನ ಕಡೆ ಹೋದ. ಐಸಿನವನಿಗೆ ತಡವಾಗಿದ್ದಕ್ಕೆ ಕೈಸನ್ನೆಯಲ್ಲೇ ಬೈಯುತ್ತಿದ್ದುದು ದೂರದಿಂದ ಕಂಡಿತು.

ಮೇಡಂ ಸ್ಕೂಟರಿನಲ್ಲಿ ನನ್ನನ್ನು ಹಿಂದೆ ಕೂರಿಸಿಕೊಂಡರು. ಪೇಟೆಯಲ್ಲಿ ಒಂದು ಹೋಟೆಲಿನ ಎದುರು ತಟ್ಟನೆ ನಿಲ್ಲಿಸಿ ಹೆಲ್ಮೆಟ್ ತೆಗೆದರು.

"ತಿಂಡಿ ತಿಂದ್ಯಾ?"

"ತಿಂ..." ಅಂದವಳು ಅವರ ಮುಖ ನೋಡಿದೆ. "ಇಲ್ಲ."

"ಮೂರು ಪ್ಲೇಟ್ ಬನ್ಸ್!" ಅಂತ ಒಳಗೆ ಕೂಗಿದರು.

ಮೊದಲ ಪ್ಲೇಟನ್ನು ನೀರು ಕುಡಿದು ಇಳಿಸಿದೆ. ಎರಡನೆಯದು ತಾನೇ ಇಳಿಯಿತು. ಮೂರನೆಯದರಲ್ಲಿ ಅರ್ಧ ಮುರಿದುಕೊಂಡು ಮೇಡಂ ಗಡಿಯಾರ ನೋಡಿದರು.

"ಬೇಗ ತಿನ್ನೆ. ಹೋಗಿ ಹಗ್ಗ ಹಾರೂದು ಇದ್ದು."