ಪುಕ್ಕಲನ ಆಪರೇಷನ್

ಪ್ರಪಂಚದಲ್ಲಿ ಇತ್ಯರ್ಥವಾಗದ ಪ್ರಶ್ನೆಗಳು ಬೇಕಾದಷ್ಟಿವೆ. ಆದರೆ ಆ ಬೀದಿಯವರು ಮೂರು ವಾರದಿಂದ ಊಟ ನಿದ್ದೆ ಬಿಟ್ಟು ಚರ್ಚಿಸುತ್ತಿದ್ದುದು ಒಂದನ್ನೇ: ಸೈಕಲ್ ರಿಪೇರಿಯವನ ಗಂಡುನಾಯಿಯ ಬೀಜ ತೆಗೆಸಬೇಕೋ, ಬೇಡವೋ.

ನಾಯಿಗೆ ಎರಡು ವರ್ಷ. ತಂದ ದಿನ ರಿಪೇರಿಯವನು ಅದಕ್ಕೆ ಸರದಾರ ಎಂದು ಹೆಸರಿಟ್ಟಿದ್ದ. ವಾರದೊಳಗೆ ಬೀದಿಯವರು ಅದನ್ನು ತಿದ್ದಿ ಪುಕ್ಕಲ ಎಂದು ಮಾಡಿದರು. ಕೊಡೆ ಬಿಚ್ಚಿದರೆ ಹೆದರಿಕೆ, ಪೊರಕೆ ಬಿದ್ದರೆ ಹೆದರಿಕೆ, ತಾನೇ ಸೀನಿದರೂ ಬೆಚ್ಚಿ ಹಿಂದೆ ತಿರುಗಿ ನೋಡುವ ಜೀವ. ಅಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಈಚೆಗೆ ಅಂಗಡಿಗೆ ಬಂದವರಿಗೆ ಹಲ್ಲು ತೋರಿಸಲು ಶುರುಮಾಡಿತ್ತು. ಒಂದು ದಿನ ಅಂಚೆಯವನ ಪ್ಯಾಂಟಿಗೇ ಬಾಯಿ ಹಾಕಿತು. ಪ್ಯಾಂಟು ಹರಿಯಿತು, ಚರ್ಮ ಉಳಿಯಿತು. ಮಹಡಿಯ ಮೇಲಿದ್ದ ಕಟ್ಟಡದ ಮಾಲೀಕರು ಇಳಿದು ಬಂದು, ತಿಂಗಳೊಳಗೆ ಆಪರೇಷನ್ ಮಾಡಿಸಿ ನಾಯಿಯನ್ನು ಸಾಧು ಮಾಡಬೇಕು, ಇಲ್ಲವೇ ಬೇರೆಲ್ಲಿಗಾದರೂ ಕಳಿಸಬೇಕು ಎಂದು ಹೇಳಿ ಹತ್ತಿ ಹೋದರು.

ರಿಪೇರಿಯವನ ಹೆಂಡತಿ ಆಪರೇಷನ್ನಿನ ಪಕ್ಷ. ಅವಳ ಅಕ್ಕನ ಮನೆಯ ನಾಯಿ ಅದನ್ನು ಮಾಡಿಸಿದ ಮೇಲೆ ಹಸುವಿನಂತಾಗಿದೆಯಂತೆ. ರಿಪೇರಿಯವನದು ವಿರೋಧ ಪಕ್ಷ. ಆ ಮಾತು ಬಂದಾಗಲೆಲ್ಲ ಕಾಲ ಮೇಲೆ ಕಾಲು ಹಾಕಿಕೊಂಡು ಕೂರುತ್ತಿದ್ದ, ಅಷ್ಟೆ.

"ಆಪರೇಷನ್ ನಾಯಿಗೆ ರೀ, ನಿಮಗಲ್ಲ," ಎಂದಳು ಹೆಂಡತಿ.

"ಅದರ ಗಂಡಸ್ತನ ಹೋಗಲ್ವೇನೇ?"

"ಅದು ಇದ್ದು ಏನು ಕಡಿದು ಕಟ್ಟೆ ಹಾಕಿದೆ? ಪೊರಕೆ ಕಂಡ್ರೆ ಮಂಚದಡಿ ಸೇರುತ್ತೆ."

ನಾಯಿಯನ್ನು ಕಳಿಸುವ ಮಾತನ್ನು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ. ಎತ್ತಿದರೆ ಯಾರಾದರೊಬ್ಬರು ಕಣ್ಣೊರೆಸಿಕೊಳ್ಳಲು ಎದ್ದು ಒಳಗೆ ಹೋಗಬೇಕಾಗುತ್ತಿತ್ತು.

ನಾಲ್ಕನೆಯ ವಾರ ಪಶು ಆಸ್ಪತ್ರೆಯ ಡಾಕ್ಟರಮ್ಮ ಗಾಳಿ ಹೋದ ಸೈಕಲ್ಲನ್ನು ತಳ್ಳಿಕೊಂಡು ಬಂದರು. ಪುಕ್ಕಲ ಗುರ್ರೆಂದ. ಅವರು ಅವನನ್ನು ದಿಟ್ಟಿಸಲೂ ಇಲ್ಲ, ಮುದ್ದಿಸಲು ಕೈ ಚಾಚಲೂ ಇಲ್ಲ. ಪಕ್ಕಕ್ಕೆ ತಿರುಗಿ ಸ್ಟೂಲಿನ ಮೇಲೆ ಕುಳಿತರು. ಗುರ್ರು ತಾನಾಗಿ ಇಳಿಯಿತು. ಹೆಂಡತಿ ಒಳಗಿನಿಂದ ಬಂದು, ಅಂಚೆಯವನ ಪ್ಯಾಂಟಿನ ಕಥೆಯನ್ನೂ ಮಾಲೀಕರ ಗಡುವನ್ನೂ ಹೇಳಿ, ಆಪರೇಷನ್ನಿಗೆ ದಿನ ಕೊಡಿ ಎಂದು ಕೇಳಿದಳು. ಡಾಕ್ಟರಮ್ಮ, ಟ್ಯೂಬನ್ನು ನೀರಿಗೆ ಅದ್ದುತ್ತಿದ್ದ ರಿಪೇರಿಯವನತ್ತ ತಿರುಗಿದರು.

"ಸೀದಾ ಪ್ಯಾಚ್ ಹಾಕ್ಬಹುದಲ್ಲ? ನೀರಲ್ಲಿ ಯಾಕೆ ಅದ್ದುತೀರಿ?"

ಇಂಥ ದಡ್ಡ ಪ್ರಶ್ನೆ ಕೇಳಲು ಓದಿದವರೇ ಬೇಕು ಎನಿಸಿತು ರಿಪೇರಿಯವನಿಗೆ. "ಗುಳ್ಳೆ ಎಲ್ಲಿ ಏಳುತ್ತೆ ನೋಡ್ಬೇಕಲ್ಲ ಮೇಡಂ. ತೂತು ಒಂದು ಕಡೆ, ಪ್ಯಾಚ್ ಒಂದು ಕಡೆ ಆದ್ರೆ ಏನು ಬಂತು?" ಎನ್ನುತ್ತ, ಟ್ಯೂಬು ಒರೆಸಿ ಗುಳ್ಳೆ ಎದ್ದ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ.

"ನಾನೂ ಅದನ್ನೇ ಹೇಳೋಕೆ ಹೊರಟಿದ್ದೆ," ಎಂದರು ಡಾಕ್ಟರಮ್ಮ.

ಆಪರೇಷನ್ ಒಳ್ಳೆಯದೇ, ಆದರೆ ಅದು ಮುಚ್ಚುವ ತೂತುಗಳೇ ಬೇರೆ ಎಂದು ವಿವರಿಸಿದರು. ಬೇಡದ ಮರಿಗಳು ಹುಟ್ಟುವುದಿಲ್ಲ, ಹೆಣ್ಣುನಾಯಿಯ ವಾಸನೆ ಹಿಡಿದು ಓಡಿ ಗಾಡಿಯಡಿ ಸಿಗುವುದು ಕಡಿಮೆಯಾಗುತ್ತದೆ, ಬೀಜಕ್ಕೆ ಬರುವ ರೋಗ ಬರುವುದಿಲ್ಲ. ಹೆದರಿ ಕಚ್ಚಲು ಬರುವ ನಾಯಿಗೆ ಮಾತ್ರ ಅದು ಮದ್ದಲ್ಲ. ಕೆಲವಕ್ಕೆ ಹೆದರಿಕೆ ಹೆಚ್ಚಿದ್ದೂ ಉಂಟು. ಆದ್ದರಿಂದ ಮೊದಲು ಮೈಯಲ್ಲಿ ನೋವೇನಾದರೂ ಇದೆಯೇ ಪರೀಕ್ಷೆ ಮಾಡಿಸಬೇಕು, ಯಾವುದಕ್ಕೆ ಹೆದರುತ್ತದೆ ಎಂದು ಕಂಡುಹಿಡಿಯಬೇಕು.

ರಿಪೇರಿಯವನು ಗೆದ್ದವನಂತೆ ಹೆಂಡತಿಯ ಮುಖ ನೋಡಿದ.

"ನೀವು ಗೆದ್ರಿ ಅಂದ್ಕೋಬೇಡಿ," ಎಂದರು ಡಾಕ್ಟರಮ್ಮ. "ಗಂಡಸ್ತನ ಅನ್ನೋ ಚಿಂತೆ ನಾಯಿಗಿಲ್ಲ, ನಿಮಗಿರೋದು. ಮಾಡಿಸಿದ್ರೆ ಅದೇನೂ ಕೊರಗಲ್ಲ. ಊಟ ಸ್ವಲ್ಪ ಜಾಸ್ತಿ ಕೇಳುತ್ತೆ, ನೀವು ಕೊಡಬಾರದು, ಅಷ್ಟೆ."

ಅವರೇ ಮೆಟ್ಟಿಲು ಹತ್ತಿ ಹೋಗಿ ಮಾಲೀಕರಿಂದ ಇನ್ನೆರಡು ತಿಂಗಳ ವಾಯಿದೆ ತಂದರು. ಅಲ್ಲಿಯವರೆಗೆ ನಾಯಿಯ ಕೊರಳಿಗೆ ಹಗ್ಗವಿರಬೇಕು, ಅದು ಗುರ್ರೆಂದಾಗಲೆಲ್ಲ ನಿಂತ ಜಾಗಕ್ಕೆ ಒಂದು ಸೀಮೆಸುಣ್ಣದ ಗುರುತು ಹಾಕಬೇಕು ಎಂದು ಕಟ್ಟುಮಾಡಿದರು.

ಆಸ್ಪತ್ರೆಯ ಪರೀಕ್ಷೆಯಲ್ಲಿ ನೋವೇನೂ ಸಿಗಲಿಲ್ಲ. ಹತ್ತು ದಿನದಲ್ಲಿ ಅಂಗಡಿಯ ನೆಲ ಉತ್ತರ ಹೇಳಿತು. ಗುರುತುಗಳೆಲ್ಲ ಗಾಳಿ ತುಂಬುವ ಯಂತ್ರದ ಪಕ್ಕದಲ್ಲೇ ಗುಂಪಾಗಿದ್ದವು. ಪುಕ್ಕಲನ ಗೋಣಿತಟ್ಟು ಇದ್ದದ್ದು ಯಂತ್ರಕ್ಕೂ ಗೋಡೆಗೂ ನಡುವೆ. ಯಂತ್ರ ಬುಸ್ಸೆಂದರೆ ಓಡಲು ಇದ್ದದ್ದು ಒಂದೇ ದಾರಿ; ಆ ದಾರಿಯಲ್ಲಿ ಗಿರಾಕಿಯ ಕಾಲು. ಅಂಚೆಯವನೂ ಆ ದಿನ ಅಲ್ಲೇ ನಿಂತು ಗಾಳಿ ತುಂಬಿಸಿಕೊಳ್ಳುತ್ತಿದ್ದ.

ರಿಪೇರಿಯವನು ಗೋಣಿತಟ್ಟನ್ನು ಎಳೆದು ತೆಗೆದ. "ಅಭ್ಯಾಸ ಆಗ್ಲಿ ಅಂತ ನಾನೇ ಅಲ್ವಾ ಅಲ್ಲಿ ಹಾಸಿದ್ದು," ಎಂದ. ಹೆಂಡತಿ ಆ ಅವಕಾಶವನ್ನು ಬಳಸಿಕೊಳ್ಳಲಿಲ್ಲ. ಮದುವೆಯಾದ ಮೇಲೆ ಇದು ಎರಡನೆಯ ಸಲ.

ಗೋಣಿತಟ್ಟು ಹಿಂದಿನ ಕೋಣೆಗೆ ಹೋಯಿತು. ಡಾಕ್ಟರಮ್ಮ ಹೇಳಿಕೊಟ್ಟಂತೆ, ಯಂತ್ರ ದೂರದಲ್ಲಿ ಸದ್ದು ಮಾಡಿದಾಗೊಮ್ಮೆ ಬೇಯಿಸಿದ ಮೊಟ್ಟೆಯ ಒಂದು ಚೂರು. ದಿನಕ್ಕೆ ಒಂದು ಹೆಜ್ಜೆ ಹತ್ತಿರ. ಬೈಗುಳವಿಲ್ಲ, ಏಟಿಲ್ಲ. ಎರಡು ತಿಂಗಳಾಗುವ ಹೊತ್ತಿಗೆ ಯಂತ್ರ ಬುಸ್ಸೆಂದರೆ ಪುಕ್ಕಲ ಹಲ್ಲು ತೋರಿಸುವುದನ್ನು ಬಿಟ್ಟು ಮೊಟ್ಟೆ ಎಲ್ಲಿ ಎಂದು ನೋಡತೊಡಗಿದ. ಮಾಲೀಕರು ಇಳಿದು ಬಂದು, ನಿಂತು ನೋಡಿ, ಏನೂ ಹೇಳದೆ ಹತ್ತಿ ಹೋದರು. ಅವರ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಯಾರೂ ಕೇಳಿದ್ದಿಲ್ಲ.

ಆಮೇಲೆ ಉಳಿದದ್ದು ಇನ್ನೊಂದು ತೂತು. ಬೇಕರಿಯವರ ಹೆಣ್ಣುನಾಯಿ ಬೆದೆಗೆ ಬಂದಾಗ ಪುಕ್ಕಲ ಹಗ್ಗ ಕಡಿದು, ಹಿತ್ತಲ ಗೋಡೆ ಹಾರಿ, ಎರಡು ಸಲ ಹೆದ್ದಾರಿಯ ಆಚೆ ಸಿಕ್ಕಿದ. ಡಾಕ್ಟರಮ್ಮ ಮತ್ತೆ ಪರೀಕ್ಷೆ ಮಾಡಿ, ಹೆದರಿಕೆ ಹತೋಟಿಗೆ ಬಂದಿದೆ, ಈ ತೂತಿಗೆ ಆಪರೇಷನ್ನೇ ಸರಿಯಾದ ಪ್ಯಾಚ್ ಎಂದರು. ಈ ಸಲ ಹಗ್ಗ ಹಿಡಿದು ಆಸ್ಪತ್ರೆಗೆ ನಡೆದವನು ರಿಪೇರಿಯವನೇ. ಹೊರಗಿನ ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡೇ ಕೂತಿದ್ದ ಎಂಬುದು ನಿಜ. ಆದರೆ ಕೂತಿದ್ದ.

ನಿಮ್ಮ ಮನೆಯಲ್ಲೂ ಗಂಡುನಾಯಿ ಇದ್ದರೆ, ಅಕ್ಕನ ಮನೆಯ ನಾಯಿಯನ್ನೂ ನಿಮ್ಮ ಗಂಡಸ್ತನವನ್ನೂ ಪಕ್ಕಕ್ಕಿಟ್ಟು ಪಶುವೈದ್ಯರ ಹತ್ತಿರ ಹೋಗಿ. ಹೆದರುವ ನಾಯಿಯಾದರೆ ಅದನ್ನು ಮರೆಯದೆ ಹೇಳಿ; ಮೊದಲು ಹೆದರಿಕೆಗೆ ದಾರಿ ಕೇಳಿ, ಆಮೇಲೆ ಆಪರೇಷನ್ ಬೇಕೇ, ಯಾವಾಗ ಎಂದು ಕೇಳಿ. ಹೇಗೂ ಹೋಗಿರುತ್ತೀರಿ, ನಾಯಿಗೆ ಹುಚ್ಚುನಾಯಿ ರೋಗದ ಲಸಿಕೆಯನ್ನೂ ಹಾಕಿಸಿ ಬನ್ನಿ.

ಪುಕ್ಕಲನಿಗೆ ಆಪರೇಷನ್ ಆಗಿ ಐದು ತಿಂಗಳಾಯಿತು. ಗೋಡೆ ಹಾರುವುದನ್ನು ಬಿಟ್ಟಿದ್ದಾನೆ. ಕೊಡೆ ಕಂಡರೆ ಈಗಲೂ ಹೆದರುತ್ತಾನೆ.