ಎಡಗಡೆಯವರ ಮೊಣಕಾಲು

ಒಳಗೆ ಯಾರೋ ಬಳಪವನ್ನು ಕರಿಹಲಗೆಯ ಮೇಲೆ ಒತ್ತಿ ಎಳೆದರು, ಕಿರ್ರ್ — ದ್ರಾಕ್ಷಾಯಿಣಿಯ ಹಲ್ಲೆಲ್ಲ ಜುಮ್ಮೆಂದವು, ಈ ಸಪ್ಪಳ ಕೇಳಿ ಒಂದು ವರ್ಷವೇ ಆಯಿತಲ್ಲ, ಮನೆಯಲ್ಲಿ ಹಲಗೆ ಎಲ್ಲಿತ್ತು, ಹಿತ್ತಲಿನ ನೀರಿನ ತೊಟ್ಟಿಯ ಗೋಡೆಗೆ ಇದ್ದಿಲಿನಿಂದ ಬರೆಯುವುದು, ಬೆಕ್ಕು ನಡೆದ ಹಾಗೆ ಸದ್ದಿಲ್ಲದೆ ಅಂಕಿ ಮೂಡುವುದು, ಸಂಜೆ ತೊಟ್ಟಿ ತುಂಬಿ ತುಳುಕಿದಾಗ ಗುಣಾಕಾರ ಭಾಗಾಕಾರವೆಲ್ಲ ಕರಿ ನೀರಾಗಿ ಇಳಿದು ಬಾಳೆಯ ಬುಡ ಸೇರುವುದು, ನಮ್ಮನಿ ಬಾಳಿಗಿಡಕ್ಕ ನನಕಿಂತ ಭಾಳ ಲೆಕ್ಕ ಬರ್ತೈತಿ ನೋಡತ್ತಿ ಎಂದು ಯುವರಾಜ ನಗುವುದು — ಈಗ ಅದೇ ಯುವರಾಜ ಶಾಲೆಯ ಈ ತಣ್ಣನೆ ಕಲ್ಲಿನ ಕಟ್ಟೆಯ ಮೇಲೆ ಎಣ್ಣೆ ಹಚ್ಚಿದ ತಲೆ ತಗ್ಗಿಸಿ ಕೂತಿದ್ದಾನೆ, ಅವನ ಆಚೆ ಅವನ ಅಕ್ಕ ಪ್ರಿಯಾಂಕಾ, ಅವಳಾಚೆ ಶಶಿಕಾಂತ, ಈಚೆ ದ್ರಾಕ್ಷಾಯಿಣಿಯ ಸೊಂಟಕ್ಕೇ ಒರಗಿದ ಶಶಿಕಾಂತನ ತಂಗಿ ಸ್ನೇಹಾ, ನಡುವಿನ ಅಣ್ಣ ಸುಭಾಷನ ಎರಡು, ಹಿರಿಯಣ್ಣ ಫಕ್ಕೀರಪ್ಪನ ಎರಡು, ಕೂಡಿ ನಾಲ್ಕು, ಹಿಂದೆ ಮುಂದೆ ಹುಟ್ಟಿದ್ದರೂ ಮನೆಗೆಲ್ಲ ಹಿರಿಯಳಾದ ಆಯಿ ನಾಲ್ವರನ್ನೂ ಒಂದೇ ದಿನ ಶಾಲೆಗೆ ಕರೆತಂದು ಹೆಸರು ಹಚ್ಚಿಸಿದವಳು, ಮಾಸ್ತರರು ಹುಟ್ಟಿದ ತಾರೀಖು ಕೇಳಿದರೆ ನಾಲ್ವರಿಗೂ ಜೂನ್ ಒಂದು ಎಂದು ಬರೆಸಿದವಳು, ಒಂದೇ ವರ್ಗ, ಒಂದೇ ಬೆಂಚು. ನಿನ್ನೆ ಮಳೆ ಬಿದ್ದು ಬ್ಯಾಡಗಿಯ ಓಣಿಗಳ ಮೆಣಸಿನಕಾಯಿ ಘಾಟು ತೊಳೆದುಹೋಗಿದೆ, ಸೀನು ಬಾರದ ಬ್ಯಾಡಗಿ ಬೇರೆ ಯಾವುದೋ ಊರಿನ ಹಾಗೆ ಕಾಣುತ್ತಿದೆ, ಇವತ್ತು ಶಾಲೆಯ ಮುಖ್ಯೋಪಾಧ್ಯಾಯಿನಿ ಹೆಡ್‌ಬಾಯಿಯವರು ಒಬ್ಬೊಬ್ಬರನ್ನೇ ಒಳಗೆ ಕರೆದು ಕೇಳುತ್ತಾರೆ, ನಾಲ್ಕನೇತ್ತಾ ವರ್ಗದ ಪಾಠ ಬಂದರೆ ಈ ದೊಡ್ಡ ಶಾಲೆಯಲ್ಲಿ ಐದಕ್ಕೆ, ಬಾರದಿದ್ದರೆ ರಸ್ತೆಯಾಚೆ ಆ ಸಣ್ಣ ಶಾಲೆಗೆ, ಮತ್ತೆ ನಾಲ್ಕಕ್ಕೇ. ಮುಂಜಾನೆ ಸುಭಾಷಣ್ಣ ಚಪ್ಪಲಿ ಮೆಟ್ಟುತ್ತಾ ಅಂದಿದ್ದ, ದ್ರಾಕ್ಷವ್ವಾ, ನಾಕೂ ಹುಡುಗ್ರ ವರ್ಷಾನ ನಿನ್ನ ಉಡ್ಯಾಗ ಹಾಕೇವಿ, ನೋಡಮಾ. ಸಿಟ್ಟಿನಿಂದ ಅಂದಿದ್ದರೆ ತಡೆದುಕೊಳ್ಳಬಹುದಿತ್ತು, ಮೆಲ್ಲಗೆ ಅಂದ.

ಶಶಿಕಾಂತ ಯಾರು, ಬಾರಪಾ ಒಳಗ. ಹೋದ, ಬಾಗಿಲು ಅರ್ಧ ಮುಚ್ಚಿತು, ಕಿಟಕಿಯ ಸರಳುಗಳ ನಡುವೆ ಅವನ ಕತ್ತಿನ ಹಿಂಭಾಗ ಮಾತ್ರ ಕಾಣುತ್ತದೆ, ಬರ್ತದವನಿಗೆ, ಬಂದೇ ಬರ್ತದೆ, ವರ್ಷವಿಡೀ ಅವಳ ಕಿವಿಯೇ ಸಾಕ್ಷಿ. ವರ್ಷ — ಹೋದ ವರ್ಷ ಇದೇ ಜೂನಿನಲ್ಲಿ ಹಾವೇರಿಯ ಡಾಕ್ಟರು ಸ್ನೇಹಾಳ ಎದೆಗೆ ನಳಿಕೆ ಇಟ್ಟು ಎಷ್ಟೋ ಹೊತ್ತು ಕಣ್ಣು ಮುಚ್ಚಿ ಕೇಳಿದ್ದರು, ಗಂಟಲು ನೋವಿನ ಜ್ವರ ಕೀಲಿಗಿಳಿದು ಗುಂಡಿಗೆಯನ್ನೂ ಮುಟ್ಟಿದೆ, ಮೂರು ವಾರಕ್ಕೊಮ್ಮೆ ಸೂಜಿ ತಪ್ಪಿಸಬೇಡಿರಿ, ಒಂದು ವರ್ಷ ಓಡುವಂತಿಲ್ಲ ಹತ್ತುವಂತಿಲ್ಲ ಶಾಲೆಯ ಗದ್ದಲ ಬೇಡ ಎಂದಿದ್ದರು, ಬಸ್ಸಿನಲ್ಲಿ ಹಿರಿಯಣ್ಣನ ಹೆಂಡತಿ ಗದಿಗೆವ್ವ ವೈನಿ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬ್ಯಾಡಗಿ ಬರುವ ತನಕ ಅವಳ ಎದೆಯ ಮೇಲೆ ಅಂಗೈ ಇಟ್ಟೇ ಕೂತಿದ್ದಳು. ಮರುದಿನ ಮೂವರೂ ಚೀಲ ಹೆಗಲಿಗೆ ಹಾಕಿಕೊಂಡು ಹೊರಟಾಗ ಸ್ನೇಹಾ ಹೊಸ್ತಿಲಲ್ಲಿ ನಿಂತಿದ್ದಳು, ಅಳಲಿಲ್ಲ, ಓಣಿಯ ತಿರುವಿನಲ್ಲಿ ಅವರು ಮರೆಯಾದ ಮೇಲೂ ಅಲ್ಲೇ, ಮಧ್ಯಾಹ್ನ ಊಟಕ್ಕೆ ಕರೆದರೂ ಅಲ್ಲೇ, ಮೂರನೆಯ ದಿನ ಆಯಿ ಗುತ್ತೆವ್ವ ಎಲೆಯಡಿಕೆ ಉಗುಳಿ ಬಂದು ಪಡಸಾಲೆಯ ನಡುವೆ ನಿಂತು ತೀರ್ಪು ಕೊಟ್ಟಂತೆ ಅಂದಳು, ನಾಕೂ ಒಂದ ತೊಟ್ಟಲದಾಗ ಆಡಿದ ಕೂಸು, ಒಂದನ್ನ ಬಾಗಲದಾಗ ನಿಂದ್ರಿಸಿ ಮೂರು ಹೋಗೂದು ನನಗ ನೋಡಾಕ ಆಗಂಗಿಲ್ಲ, ನಾಳಿಂದ ಯಾರೂ ಹೋಗಬ್ಯಾಡ್ರಿ. ಅಯ್ಯ ಆಯೀ, ಮೂರು ಹುಡುಗ್ರ ವರ್ಷಾ ಕೆಡತೈತಿ ಎಂದ ಸುಭಾಷಣ್ಣ. ಯಾಕ ಕೆಡತೈತಿ, ರಾಣೇಬೆನ್ನೂರಿಗೆ ದಿನಾ ಬಸ್ ಹತ್ತಿ ಬಿ.ಎ. ಕಲತ ಹುಡಿಗಿ ಮನ್ಯಾಗ ಐತೆಲ್ಲ, ಕಲತದ್ದು ಟ್ರಂಕಿನ್ಯಾಗಿಟ್ರ ನುಸಿ ಹಿಡಿತೈತಿ, ಕಲಸವಾ ದ್ರಾಕ್ಷವ್ವಾ. ಹೀಗೆ, ಒಂದು ಮಾತಿಗೆ, ಅವಳು ಮಾಸ್ತರಳಾದಳು, ಹಿತ್ತಲು ಶಾಲೆಯಾಯಿತು.

ಎಂಥ ಶಾಲೆ, ಗಂಟೆ ಇಲ್ಲ, ಕೋಲಿಲ್ಲ, ವೈನಿಯ ರೊಟ್ಟಿ ಬಡಿಯುವ ಸಪ್ಪಳ ನಿಂತರೆ ಊಟದ ಬಿಡುವು, ಮುಂದೆ ಪಡಸಾಲೆಯಲ್ಲಿ ಓಣಿಯ ಹೆಂಗಸರೆಲ್ಲ ಮೆಣಸಿನಕಾಯಿಯ ಕೆಂಪು ರಾಶಿ ಸುತ್ತ ಕೂತು ತೊಟ್ಟು ಬಿಡಿಸುತ್ತಿದ್ದರೆ ಹಿಂದೆ ಹಿತ್ತಲಲ್ಲಿ, ಘಾಟು ತಾಕದ ಕಡೆ, ಇವರು ನಾಲ್ವರು ದುಂಡಗೆ. ಆ ದುಂಡಗೆ ಕೂಡಿಸುವುದನ್ನು ಅವಳು ಆಯಿಯಿಂದಲೇ ಕಲಿತದ್ದು, ರಾಶಿಯ ಸುತ್ತ ಕೂತ ಹೆಂಗಸರಿಗೆ ತೂಕಡಿಕೆ ಬರಬಾರದೆಂದು ಆಯಿ ಕತೆ ಹಚ್ಚುತ್ತಿದ್ದಳು, ಹಚ್ಚಿದ ಕತೆಯನ್ನು ಒಬ್ಬಳೇ ಹೇಳುವಂತಿಲ್ಲ, ಒಂದಿಷ್ಟು ಹೇಳಿ ಎಡಗಡೆಯವಳ ಮೊಣಕಾಲು ತಟ್ಟಬೇಕು, ತಟ್ಟಿಸಿಕೊಂಡವಳು ಅಲ್ಲಿಂದ ಮುಂದಕ್ಕೆ, ಹೀಗೆ ರಾಜಕುಮಾರ ಒಬ್ಬಳ ಬಾಯಲ್ಲಿ ಕಾಡು ಹೊಕ್ಕು ಇನ್ನೊಬ್ಬಳ ಬಾಯಲ್ಲಿ ನೀರಡಿಸಿ ಮತ್ತೊಬ್ಬಳ ಬಾಯಲ್ಲಿ ಮದುವೆಯಾಗುತ್ತಿದ್ದ, ಸಣ್ಣವಳಿದ್ದಾಗ ಅವಳು ಆಯಿಯ ಎಡಕ್ಕೇ ಕೂಡಬೇಕೆಂದು ಜಗಳ ಮಾಡುತ್ತಿದ್ದಳು, ಆಯಿಯ ಕೈ ತನ್ನ ಮೊಣಕಾಲಿಗೆ ಬಿದ್ದೊಡನೆ ಲೋಕವೇ ತನ್ನ ಪಾಲಿಗೆ ಬಂದ ಹಾಗೆ. ಮಗ್ಗಿಯನ್ನೂ ಹಾಗೇ ಹಚ್ಚಿದಳು, ಏಳ್ ಒಂದ್ಲೆ ಏಳು ಎಂದು ಶಶಿಕಾಂತ ಪ್ರಿಯಾಂಕಾಳ ಮೊಣಕಾಲು ತಟ್ಟುವುದು, ಏಳ್ ಎರಡ್ಲೆ ಹದಿನಾಕು, ಪ್ರಿಯಾಂಕಾ ಯುವರಾಜನದು, ಏಳ್ ಮೂರ್ಲೆ ಇಪ್ಪತ್ತೊಂದು, ಯುವರಾಜ ಸ್ನೇಹಾಳದು, ಏಳ್ ನಾಕ್ಲೆ ಇಪ್ಪತ್ತೆಂಟು, ಸ್ನೇಹಾ ಮತ್ತೆ ಅಣ್ಣ ಶಶಿಕಾಂತನದು, ಗಾಣ ತಿರುಗಿದ ಹಾಗೆ, ಅವಳು ತೊಟ್ಟಿಗೆ ಬೆನ್ನು ಹಚ್ಚಿ ಕಣ್ಣು ಮುಚ್ಚಿದರೆ ನಾಲ್ಕು ದನಿ ಒಂದೇ ದಾರವಾಗಿ ಬರುತ್ತಿತ್ತು, ಎಲ್ಲೂ ಗಂಟಿಲ್ಲ. ನದಿಗಳೂ ಹಾಗೇ, ವರದಾ ನದಿ ಎಂದೊಬ್ಬ, ಗಳಗನಾಥದ ಹತ್ರ ಎಂದೊಬ್ಬಳು, ತುಂಗಭದ್ರಾಕ್ಕ ಕೂಡತೈತಿ ಎಂದಿನ್ನೊಬ್ಬ. ರಾಣೇಬೆನ್ನೂರಿನಿಂದ ಅವಳನ್ನು ನೋಡಲು ಬಂದ ಬೀಗರು ಹುಡಿಗಿ ಏನ್ ಮಾಡತಾಳರಿ ಎಂದು ಕೇಳಿದಾಗಲೂ ಹಿಂದಿನಿಂದ ಹದಿಮೂರರ ಮಗ್ಗಿ ತೇಲಿ ಬರುತ್ತಿತ್ತು, ಕೇಳ್ರೆಲ್ಲ, ಅದನ್ನs ಮಾಡತಾಳ ಎಂದು ಆಯಿ ನಕ್ಕಿದ್ದಳು, ಈ ವರ್ಷ ಕೊಡಂಗಿಲ್ರಿ, ನಮ್ಮ ಸಾಲಿ ಬಂದ್ ಆಗತೈತಿ. ಕದರಮಂಡಲಗಿಯ ಹನುಮಪ್ಪನಿಗೆ ಟೆಂಪೋದಲ್ಲಿ ಹೋದ ದಿನ ಸ್ನೇಹಾಳನ್ನು ಮೂವರೂ ಕೈ ಹೆಣೆದು ಪಲ್ಲಕ್ಕಿ ಮಾಡಿ ಹೊತ್ತರು, ದಾರಿಯಲ್ಲಿ ಸಿಕ್ಕ ಮುದುಕನೊಬ್ಬ ಯಾವ ದೇವ್ರರಿ ಇದು ಎಂದು ಕೈ ಮುಗಿದ, ಸ್ನೇಹಾ ಗಂಭೀರವಾಗಿ ಆಶೀರ್ವಾದ ಮಾಡಿದಳು, ನಕ್ಕು ನಕ್ಕು ಪಲ್ಲಕ್ಕಿ ಬಿಚ್ಚಿಹೋಯಿತು. ಇನ್ನು ಥಂಡಿಯ ದಿನ, ಜ್ವರದ ದಿನ, ಸ್ನೇಹಾ ಹೊರಗೆ ಬರುತ್ತಿರಲಿಲ್ಲ, ಒಳಕೋಣೆಯ ಕಿಟಕಿಗೆ ಹತ್ತಿದ ಹೊರಸಿನ ಮೇಲೆ ಕಂಬಳಿ ಹೊದ್ದು ಮಲಗಿರುವುದು, ಆದರೂ ಅವಳ ಸಾಲನ್ನು ಬೇರೆ ಯಾರೂ ಅನ್ನಕೂಡದು ಎಂದು ಆಯಿ ಕಟ್ಟು ಮಾಡಿದ್ದಳು, ಯುವರಾಜ ಇಪ್ಪತ್ತೊಂದು ಎಂದು ಖಾಲಿ ನೆಲ ತಟ್ಟುವನು, ಮೂವರೂ ಸುಮ್ಮನಾಗುವರು, ಒಳಗಿನಿಂದ, ನೀರಿನ ತಳದಿಂದ ಬಂದಂತೆ, ಏಳ್ ನಾಕ್ಲೆ ಇಪ್ಪತ್ತೆಂಟು, ಒಮ್ಮೆಯೂ ತಡವಾಗಲಿಲ್ಲ, ಒಮ್ಮೆಯೂ ತಪ್ಪಲಿಲ್ಲ.

ಏಳರ ಮಗ್ಗಿ ಹೇಳು — ಕಿಟಕಿಯೊಳಗಿಂದ ಹೆಡ್‌ಬಾಯಿ ಮಹಮೂದಾಬೇಗಂ ಅಕ್ಕೋರ ದನಿ, ಮೆತ್ತಗಿದೆ, ಒಳ್ಳೆಯವರಂತೆ, ಏಳರದು ಎಂದರೆ ಬದುಕಿದೆವು ಎಂದುಕೊಂಡಳು ಅವಳು, ಏಳ್ ಒಂದ್ಲೆ ಏಳು ಎಂದ ಶಶಿಕಾಂತ ಗಟ್ಟಿಯಾಗಿ, ಎಂದು ಎಡಗೈ ಪಕ್ಕಕ್ಕೆ ಚಾಚಿದ, ಚಾಚಿ ಸುಮ್ಮನೆ ಕೂತ. ಹೂಂ, ಮುಂದ? ಮುಂದ... ಏಳ್ ಐದ್ಲೆ ಮೂವತ್ತೈದ್ರಿ. ನಡುವಿಂದು ಎಲ್ಲಿ ಹೋತಪಾ? ನಡುವಿಂದು ನಂದಲ್ರಿ ಅಕ್ಕೋರ, ಪ್ರಿಯಾಂಕಾಂದು. ಒಳಗಿದ್ದ ಇನ್ನೊಬ್ಬ ಮಾಸ್ತರರು ನಕ್ಕದ್ದು ಕೇಳಿಸಿತು, ಏನಂದ ಇವನು, ನಂದಲ್ಲ ಅಂದನೆ, ವರ್ಷವಿಡೀ ಕೇಳಿದ ದಾರ — ಪ್ರಿಯಾಂಕಾ ಹೋದಳು, ನಮ್ಮ ಕಡೆಯ ನದಿ ಹೇಳು ಎಂದರೆ ಗಳಗನಾಥದ ಹತ್ರ ಎಂದಳು, ಯಾವ ನದಿ ತಾಯಿ, ಅದು ಶಶ್ಯಾನ ಪಾಲಿಗೆ ಬರ್ತೈತ್ರಿ, ಅವಳ ಎಡಗೈಯೂ ಅಷ್ಟೇ, ಬೆಂಚಿನಾಚೆ ಗಾಳಿಯಲ್ಲಿ, ಕಾಲು ಮಡಿಚಿ ಕೂತವರ ಮೊಣಕಾಲು ಇರುವಷ್ಟೇ ಎತ್ತರದಲ್ಲಿ. ಯುವರಾಜ ಹೋದ, ಅವನನ್ನು ಚಂದ್ರ ಯಾಕೆ ಸಣ್ಣಗಾಗುತ್ತಾನೆಂದು ಕೇಳಿದರು, ಅದೊಂದನ್ನು ಅವನು ಪೂರ್ತಿ ಹೇಳಿದ, ಚಂದಪ್ಪ ಬ್ಯಾಡಗಿ ಪ್ಯಾಟಿಗೆ ಇಳದು ಬಂದಿದ್ನರಿ, ಮೆಣಸಿನಕಾಯಿ ಘಾಟಿಗೆ ಸೀನಿ ಸೀನಿ ಸೊರಗಿದ, ಆಮ್ಯಾಲೆ ಮ್ಯಾಲ ಹೋಗಿ ಹದಿನೈದು ದಿನ ಹಾಲು ಕುಡದು ಮತ್ತ ದುಂಡಗಾದ — ಅಯ್ಯೋ, ಅದು ಆಯಿಯ ಕತೆ, ಪಾಠವನ್ನು ಅವಳು ಅದಾದ ಮೇಲೆ ಹೇಳಿದ್ದಳು, ಸೂರ್ಯ, ಬೆಳಕು, ಬೆಳಕು ಬಿದ್ದ ಅರ್ಧ, ಲಿಂಬೆಹಣ್ಣು ಹಿಡಿದು ತೋರಿಸಿದ್ದಳು, ಆದರೆ ಕತೆ ಹೇಳುವಾಗ ತನ್ನ ಕಣ್ಣುಗಳೇ ಅರಳಿದ್ದವು, ಲಿಂಬೆಹಣ್ಣು ಹಿಡಿದಾಗ ತನಗೇ ಆಕಳಿಕೆ ಬಂದಿತ್ತು, ಹುಡುಗರಿಗೆ ತಿಳಿಯದೇ? ಮಗ್ಗಿಗೂ ಹಾಗೇ ಆಯಿತು, ರಾಗಕ್ಕೆ ಕಣ್ಣು ಮುಚ್ಚಿದವಳು ತಾನು, ಒಬ್ಬನನ್ನು ಎಬ್ಬಿಸಿ ನಿಲ್ಲಿಸಿ ನೀನೊಬ್ಬನೇ ಹೇಳು ಎಂದು ಒಂದು ದಿನವೂ ಅನ್ನಲಿಲ್ಲ, ಅನ್ನಬೇಕೆಂದು ಹೊಳೆಯಲೂ ಇಲ್ಲ, ಕತೆಯನ್ನು ಯಾರಾದರೂ ಒಬ್ಬೊಬ್ಬರಾಗಿ ಒಪ್ಪಿಸುತ್ತಾರೆಯೇ, ಇಡೀ ಮಗ್ಗಿ ಹಿತ್ತಲಿನಲ್ಲಿತ್ತು, ಇಡೀ ನದಿ ಹಿತ್ತಲಿನಲ್ಲಿತ್ತು, ಯಾರೊಬ್ಬರಲ್ಲೂ ಇರಲಿಲ್ಲ. ಮೂವರೂ ಹೊರಗೆ ಬಂದು ಕಟ್ಟೆಯ ಮೇಲೆ ಸಾಲಾಗಿ ಕೂತರು, ಶಶಿಕಾಂತ ಮೆಲ್ಲಗೆ, ಅತ್ತಿ, ನಮ್ಮನ್ನ ಕೂಡೇ ಯಾಕ ಕರೀಲಿಲ್ಲ, ಕೂಡೇ ಕರದಿದ್ರ ಎಲ್ಲಾ ಬರ್ತಿತ್ತಲ್ಲ.

ಸ್ನೇಹಾ ಹೋದಳು. ಇವಳಿಗಂತೂ — ಅರ್ಧ ವರ್ಷ ಮಲಗಿಯೇ ಕಳೆದವಳು, ಇವಳಿಗೆ ಏನು ಬಂದೀತು, ಕೇಳದೇ ಬಿಟ್ಟರೆ ಸಾಕು, ನಾಲ್ವರೂ ನಾಲ್ಕಕ್ಕೇ ಕೂಡಲಿ, ಅಣ್ಣನ ಮುಖ ಹೇಗೆ ನೋಡುವುದೋ ಅದು ತನ್ನ ಪಾಡು, ಮಕ್ಕಳಂತೂ ಒಂದೇ ಬೆಂಚಿನಲ್ಲಿ — ಏಳ್ ಒಂದ್ಲೆ ಏಳು, ಒಳಗೆ ಶಶಿಕಾಂತನ ಒಡಕು ದನಿ, ಅವಳು ಬೆಚ್ಚಿ ಪಕ್ಕಕ್ಕೆ ನೋಡಿದರೆ ಶಶಿಕಾಂತ ಇಲ್ಲೇ ಕೂತಿದ್ದಾನೆ ಬಾಯಿ ತೆರೆದು, ಏಳ್ ಎರಡ್ಲೆ ಹದಿನಾಕು ಪ್ರಿಯಾಂಕಾಳ ಮೂಗಿನ ದನಿಯಲ್ಲಿ, ಏಳ್ ಮೂರ್ಲೆ ಯುವರಾಜನ ಅವಸರದಲ್ಲಿ, ಏಳ್ ನಾಕ್ಲೆ ಇಪ್ಪತ್ತೆಂಟು, ಇದೊಂದು ಅವಳದೇ, ಸಣ್ಣಗೆ, ಆಗ ಕಿಟಕಿಯಲ್ಲಿ ಕಂಡಿತು, ಎಡಗೈ ಪಕ್ಕಕ್ಕೆ ಹೋಯಿತು, ಗಾಳಿಯನ್ನು ತಟ್ಟಿತು, ಕ್ಷಣ ತಡೆಯಿತು, ಮತ್ತೆ ಒಡಕು ದನಿ, ಏಳ್ ಐದ್ಲೆ ಮೂವತ್ತೈದು. ಹೊರಸಿನ ಮೇಲೆ ಮಲಗಿ, ಯಾರ ಮುಖವೂ ಕಾಣದೆ, ಯಾರ ಕೈಯೂ ಮೊಣಕಾಲಿಗೆ ತಾಕದೆ, ತನ್ನ ಪಾಳಿ ತಪ್ಪಬಾರದೆಂದು ಎಲ್ಲರದನ್ನೂ ಹಿಡಿದಿಟ್ಟುಕೊಂಡ ಕೂಸು, ಮಗ್ಗಿ ಹತ್ತಕ್ಕೆ ಮುಟ್ಟಿತು, ವರದಾ ತುಂಗಭದ್ರೆ ಕೂಡಿತು, ಚಂದ್ರನೂ ಲಿಂಬೆಹಣ್ಣಾಗಿ ಬೆಳಕಿಗೆ ಹೊರಳಿದ. ಒಳಗ ಬರ್ರಿ ನೀವು, ಎಂದರು ಅಕ್ಕೋರು ಅವಳಿಗೆ. ಈಕಿಗೆ ಎಲ್ಲಾ ಬರ್ತೈತ್ರಿ, ಐದಕ್ಕ ಕುಂದ್ರಸ್ತೀನಿ, ಆ ಮೂರೂ ಮಂದಿ ಒಂದು ವರ್ಷ ಆ ಸಾಲ್ಯಾಗ ನಾಕನೇತ್ತಾ ಮಾಡ್ಲಿ. ಬ್ಯಾಡ್ರಿ ಅಕ್ಕೋರ, ಎಂದುಬಿಟ್ಟಳು ದ್ರಾಕ್ಷಾಯಿಣಿ, ಬಾಯಿ ತಾನಾಗಿ ತೆರೆದಿತ್ತು, ಈಕಿನೂ ನಾಕಕ್ಕs ಇರ್ಲಿ, ಒಬ್ಬಾಕೀನ ಬಿಟ್ಟ್ರ ಸೊರಗತಾಳ್ರಿ, ಜೀವಕ್ಕ ಆರಾಮಿಲ್ಲದಾಕಿ. ಅಕ್ಕೋರು ಕನ್ನಡಕ ತೆಗೆದರು. ಈ ಕೂಸು ಹಿಂದ ಉಳೀಬಾರದು ಅಂತ ಮೂರನ್ನ ಮನ್ಯಾಗ ಕುಂದ್ರಿಸಿದ್ರಿ, ಈಗ ಮುಂದ ಹೋಗಬಾರದು ಅಂತ ಇದನ್ನ ಕುಂದ್ರಸ್ತೀರೇನು? ನೀವs ಹೇಳ್ರಿ, ನೀವು ಹೇಳಿದಂಗ ಮಾಡ್ತೀನಿ.

ಹೇಳಬೇಕು, ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದಾರೆ, ಇಲ್ಲಿ ಯಾರ ಮೊಣಕಾಲನ್ನೂ ತಟ್ಟಿ ಮುಂದಿನದನ್ನು ನೀನು ಹೇಳು ಅನ್ನುವಂತಿಲ್ಲ, ಆಯಿ ಇಲ್ಲಿದ್ದಿದ್ದರೆ ಏನನ್ನುತ್ತಿದ್ದಳೋ, ಹೊಸ್ತಿಲಲ್ಲಿ ನಿಂತ ಆ ಮೂರು ದಿನ, ಹಿತ್ತಲಿನ ಎಳೆ ಬಿಸಿಲು, ಬಾಳೆಯ ಬುಡಕ್ಕೆ ಇಳಿದ ಅಂಕಿಗಳು, ಮುಗಿಯಿತೆ, ಇಷ್ಟು ಬೇಗ, ಇವತ್ತೇ — ಐದಕ್ಕs ಕುಂದ್ರಸ್ರಿ ಎಂದಿತು ಯಾರದೋ ದನಿ, ಅವಳದೇ. ಸ್ನೇಹಾ ಬಾಗಿಲ ಕಡೆ ನೋಡಿದಳು, ಅತ್ತಿ, ಅವ್ರು ಯಾವಾಗ ಬರ್ತಾರ, ಬರ್ತಾರವ್ವಾ ಎಂದಳೇ, ಅಂದುಕೊಂಡಳೇ, ಮಾತು ಹೊರಗೆ ಬಂತೋ ಇಲ್ಲವೋ, ಉದ್ದ ಬೆಂಚು, ಬೆಂಚಿನ ಒಂದು ತುದಿಗೆ ಸ್ನೇಹಾ, ಎಡಗಡೆ ಮೂವರು ಕೂಡುವಷ್ಟು ಜಾಗ, ಆ ಜಾಗದ ಮೇಲೆ ಅವಳ ಕೈ, ಇನ್ನೂ ಚಾಚಿಯೇ ಇದೆ, ತಟ್ಟುತ್ತಿಲ್ಲ, ಹಿಂದಕ್ಕೂ ಬರುತ್ತಿಲ್ಲ, ಸೂಜಿ ಚುಚ್ಚಿದ ಕಲೆಯ ಸಣ್ಣ ತೋಳು, ಬೆರಳು ತುಸು ಅಗಲಿಸಿ, ಅಂಗೈ ಕೆಳಗೆ ಮಾಡಿ, ಮೊಣಕಾಲಿನ ಎತ್ತರದಲ್ಲಿ — ಕೈ — ಗಾಳಿಯ ಮೇಲೆ —