ಸಣ್ಣಬೀರಪ್ಪನಿಗೊಂದು ಜಾಗ

"ಮೊದ್ಲು ಆ ಗುದ್ದಲಿ ಇತ್ಲಾಗ್ ಕೊಡು ದೊಡ್ಡಪ್ಪ," ಎಂದು ಪ್ರಮೀಳಾ ಧರ್ಮಪ್ಪನ ಕೈಯಿಂದ ಅದನ್ನು ಕಿತ್ತುಕೊಂಡಳು. ಉಡುತಡಿಯ ಆ ಹೊಲದಲ್ಲಿ ಅವಳ ಅಪ್ಪನ ಸಮಾಧಿಯಿತ್ತು. ಅದರ ಮಗ್ಗುಲು ಬಿಟ್ಟು, ದೂರದ ಹಳ್ಳದ ದಂಡೆಯಲ್ಲಿ ಧರ್ಮಪ್ಪ ಗುಂಡಿಗೆ ಗುರುತು ಹಾಕುತ್ತಿದ್ದ. ಅವಳ ಅಣ್ಣ ಸಣ್ಣಬೀರಪ್ಪ ಬೆಳಗ್ಗೆ ಕುರಿಗಳಿಗೆ ನೀರು ಕುಡಿಸುತ್ತಿದ್ದಾಗ ಎದೆ ಹಿಡಿದುಕೊಂಡು ಕುಸಿದು ಸತ್ತಿದ್ದ.

"ತಲೆ ಕೆಟ್ಟೋರನ್ನ ಹಿರೇರ ಮಗ್ಗಲಿಗೆ ಇಡೋ ಪದ್ಧತಿ ನಮ್ಮಲ್ಲಿಲ್ಲ ಕಣವ್ವ."

"ಕೆಟ್ಟಿತ್ತು, ವಾಸಿ ಆತು! ಹನ್ನೊಂದು ವರ್ಷ ನಿನ್ನ ಕುರಿನೂ ಅವನೇ ಕಾಯ್ದ. ಆವಾಗ ನೆನಪಾಗ್ಲಿಲ್ಲೇನು ಅವನ ತಲೆ?"

ಬೆಳಗ್ಗಿನಿಂದ ಬಂದವರಿಗೆಲ್ಲ ಅವಳು ಇದನ್ನೇ ಹೇಳುತ್ತಿದ್ದಳು. ಎದೆನೋವು ಅಂದರೆ ಯಾರೂ ಕೇಳರು. "ಆ ಕಾಯಿಲೇನೇ ತಗಂಡ್ ಹೋತು," ಎಂದು ಲೊಚಗುಟ್ಟುವರು. ಇವರೊಂದಿಗೆ ವಾದಿಸುವುದರಲ್ಲಿ ಅಳುವುದಕ್ಕೂ ಪುರುಸೊತ್ತಾಗಿರಲಿಲ್ಲ.

*

ಹರೆಯದಲ್ಲಿ ಸಣ್ಣಬೀರಪ್ಪನಿಗೆ ಕಿವಿಯೊಳಗೆ ಯಾರೋ ಮಾತಾಡಿದಂತೆ ಕೇಳಿಸತೊಡಗಿದಾಗ ಮನೆಯವರು ಕುರಿಹಟ್ಟಿಯ ಕಂಬಕ್ಕೆ ಕಟ್ಟಿದರು. ಬಿಚ್ಚಿ ಶಿವಮೊಗ್ಗದ ಆಸ್ಪತ್ರೆಗೆ ಕರೆದೊಯ್ದವಳು ಪ್ರಮೀಳಾ. ಮಾತ್ರೆ ಹಿಡಿಯಿತು. ಆದರೆ ಅದಕ್ಕಾಗಿ ತಿಂಗಳು ತಿಂಗಳೂ ಅಷ್ಟು ದೂರ ಹೋಗಬೇಕಿತ್ತು. ಹೋಗಲಾಗದ ತಿಂಗಳು ಆ ದನಿಗಳು ಮರಳಿ ಬರುತ್ತಿದ್ದವು.

ಒಮ್ಮೆ ಮನೋವೈದ್ಯರ ಸಂಘದವರು ತಮ್ಮ ಸಮ್ಮೇಳನದಲ್ಲಿ ಅನುಭವ ಹೇಳಲು ಅವನನ್ನು ಕರೆದರು. ಶಾಲು ಹೊದಿಸಲು ಬಂದವರ ಕೈಯನ್ನು ಅವನು ತಡೆದ.

"ಶಾಲು ಬ್ಯಾಡ ಸಾರ್, ನಮ್ಮನೇಲಿ ಕಂಬಳಿ ಐತೆ. ಇಷ್ಟ್ ಜನ ಡಾಕ್ಟ್ರು ಒಂದೇ ಕಡೆ ಕುಂತೀರಲ್ಲ, ತಿಂಗಳಿಗೊಬ್ರು ನಮ್ಮೂರ ಹತ್ರದ ಶಿರಾಳಕೊಪ್ಪಕ್ಕೆ ಬರಾಕಾಗಲ್ವಾ?"

ಸಭೆ ನಕ್ಕಿತು. ಅವನು ನಗಲಿಲ್ಲ, ಉತ್ತರ ಸಿಗುವವರೆಗೂ ಮೈಕು ಬಿಡಲಿಲ್ಲ. ಸಂಘದವರು ಸರದಿ ಹಾಕಿಕೊಂಡರು, ಮಾತ್ರೆಗಾಗಿ ಸರ್ಕಾರದ ಬೆನ್ನು ಹತ್ತಿದರು. ಒಂದೂವರೆ ವರ್ಷ ಕಾಗದಗಳು ಓಡಾಡಿ ಎಲ್ಲರಿಗೂ ಸಾಕುಸಾಕಾದ ಮೇಲೆ, ಶಿರಾಳಕೊಪ್ಪದಲ್ಲಿ ಪ್ರತಿ ತಿಂಗಳ ಮೂರನೇ ಮಂಗಳವಾರದ ಚಿಕಿತ್ಸೆ ಶುರುವಾಯಿತು.

*

ಅಣ್ಣ ಸತ್ತ ದಿನದ ಮಧ್ಯಾಹ್ನ ಹೊಲಕ್ಕೆ ಸೊರಬದ ಕಡೆಯ ಏಳೆಂಟು ಜನ ಬಂದರು. ಯಾರದೂ ಪ್ರಮೀಳಾಗೆ ಗುರುತಿರಲಿಲ್ಲ.

"ನಾವು ಮಂಗಳವಾರದೋರು ಕಣಕ್ಕಾ," ಎಂದಳು ಅವರಲ್ಲೊಬ್ಬಳಾದ ಕುಬಟೂರಿನ ಹೂವಮ್ಮ. "ಮೊದ್ಲನೇ ಸಲ ಮಾತ್ರೆ ನುಂಗಕ್ಕೆ ಹೆದರ್ಕೊಂಡು ಕೂತಿದ್ದೆ. ನಿಮ್ಮಣ್ಣ ತಮ್ಮದನ್ನ ನನ್ನೆದುರಿಗೇ ನುಂಗಿ ತೋರ್ಸಿದ್ರು."

ಅವಳ ಜೊತೆಗಿದ್ದ ಗಂಡಸರು ಪ್ರಮೀಳಾಳಿಂದ ಗುದ್ದಲಿ ಇಸಿದುಕೊಂಡು ಅಪ್ಪನ ಮಗ್ಗುಲಲ್ಲೇ ಅಗೆಯತೊಡಗಿದರು. ಧರ್ಮಪ್ಪ ನೋಡುತ್ತ ನಿಂತ. ಆಮೇಲೆ ತಾನೂ ಮಣ್ಣು ಎಳೆದ.

ಮಣ್ಣು ಮುಗಿದು ಎಲ್ಲರೂ ಕೈಕಾಲು ತೊಳೆಯಲು ಹೊರಟಾಗ ಧರ್ಮಪ್ಪ ಹೂವಮ್ಮನನ್ನು ಬೇಲಿಯ ಹತ್ತಿರ ತಡೆದ. ಇನ್ನೇನು ತಕರಾರೋ ಎಂದು ಪ್ರಮೀಳಾ ಸೆರಗು ಸಿಕ್ಕಿಸಿಕೊಂಡು ಅತ್ತ ನಡೆದಳು.

"ಆ ಡಾಕ್ಟ್ರು... ಬಾಣಂತಿಯರನ್ನೂ ನೋಡ್ತಾರೇನಮ್ಮ?" ಧರ್ಮಪ್ಪ ತಗ್ಗಿದ ದನಿಯಲ್ಲಿ ಕೇಳುತ್ತಿದ್ದ. "ನಮ್ಮ ಸೊಸೆ... ಕೂಸು ಹುಟ್ಟಿದ ಮ್ಯಾಲೆ ಮಾತೇ ಬಿಟ್ಟಾಳೆ. ಗೋಡೆ ನೋಡ್ಕೊಂಡು ಮಲಗ್ತಾಳೆ."

ಪ್ರಮೀಳಾ ಅಲ್ಲೇ ನಿಂತುಬಿಟ್ಟಳು. ಹೂವಮ್ಮ ಚೀಲದಲ್ಲಿ ಪೆನ್ನು ಹುಡುಕುತ್ತಿದ್ದಳು. ಧರ್ಮಪ್ಪ ಮಣ್ಣು ಮೆತ್ತಿದ ಅಂಗೈಯನ್ನು ಪಂಚೆಗೆ ಒರೆಸಿ ಒರೆಸಿ, ಡಾಕ್ಟರ ನಂಬರು ಬರೆಸಿಕೊಳ್ಳಲು ಮುಂದೆ ಚಾಚಿದ.